ಸ್ವಿಚ್ಚು ಕೇಳುವ ಮೊದಲೇ ಪಾಸ್‌ವರ್ಡ್ ಕೊಟ್ಟರೆ

ಪ್ರಶ್ನೆ: ಸರ್, ಮಧುಗಿರಿಯಲ್ಲಿ ಒಬ್ಬ ಕೇಬಲ್ ಇಂಟರ್ನೆಟ್ ಆಪರೇಟರ್ ಹತ್ತಿರ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಸುತ್ತಲ ಹಳ್ಳಿಗಳಲ್ಲಿ ನಮ್ಮವು 22 ಬಾಕ್ಸ್‌ಗಳಿವೆ. 18 ಹಳೆಯ ಸಿಸ್ಕೊ ಸ್ವಿಚ್, 4 ಮೈಕ್ರೋಟಿಕ್. ಪ್ರತಿ ಶನಿವಾರ ರಾತ್ರಿ ಒಂದೊಂದಕ್ಕೂ ಟೆಲ್‌ನೆಟ್‌ನಲ್ಲಿ (ದೂರದ ಬಾಕ್ಸಿಗೆ ಕಮಾಂಡ್ ಕೊಡುವ ಹಳೆಯ ವಿಧಾನ) ಒಳಹೊಕ್ಕು ಕಾನ್ಫಿಗ್, ಅಂದರೆ ಅದರ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆಯುತ್ತೇನೆ, ಎರಡು ಗಂಟೆ ಹಿಡಿಯುತ್ತದೆ. ಗೆಳೆಯನೊಬ್ಬ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟ. ಅದು ಯೂಸರ್‌ನೇಮ್ ಕಳಿಸಿ ಎರಡು ಸೆಕೆಂಡ್ ಕಾಯುತ್ತದೆ, ಪಾಸ್‌ವರ್ಡ್ ಕಳಿಸಿ ಎರಡು ಸೆಕೆಂಡ್, ಕಮಾಂಡ್ ಕಳಿಸಿ ಎರಡು ಸೆಕೆಂಡ್, ಆಮೇಲೆ ಬಂದಷ್ಟನ್ನು ಫೈಲಿಗೆ ಬರೆಯುತ್ತದೆ. ಆಫೀಸಿನ ಸ್ವಿಚ್‌ಗೆ ಸರಿ ಬರುತ್ತದೆ. ದೂರದವು ಒಂದು ವಾರ ಪೂರ್ತಿ ಬಂದರೆ ಇನ್ನೊಂದು ವಾರ ಅರ್ಧ. ಒಂದು ಫೈಲಿನಲ್ಲಿ ‘ಬಿಲ್ಡಿಂಗ್ ಕಾನ್ಫಿಗರೇಶನ್...’ ಎಂಬ ಸಾಲಿಗೇ ಮುಗಿದಿದೆ, ಇನ್ನೊಂದು ‘--ಮೋರ್--’ ಎಂದು ನಿಂತಿದೆ. ಇದರ ಮೇಲೆ ಹೊಸ ಕಂಪ್ಯೂಟರಿನ ಪೈಥಾನ್‌ನಲ್ಲಿ ಟೆಲ್‌ನೆಟ್‌ಲಿಬ್ ಎಂಬ ಲೈಬ್ರರಿ ಇಲ್ಲವೇ ಇಲ್ಲ ಅನ್ನುತ್ತಿದೆ. ನಾನೇ ಸಾಕೆಟ್ (ಲೈಬ್ರರಿಯಿಲ್ಲದ ನೇರ ಸಂಪರ್ಕ) ಬಳಸಿ ಬರೆದರೆ ಮೊದಲ ಸಾಲಿನಲ್ಲಿ ಅರ್ಥವಾಗದ ಅಕ್ಷರಗಳು ಬರುತ್ತವೆ. ಟೆಲ್‌ನೆಟ್ ಬಿಟ್ಟು, ಮಾತನ್ನು ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್‌ಗೆ ಹೋಗಬೇಕಾ? ಓನರ್ ಬೇರೆ, ‘ಇದೇ ಸ್ಕ್ರಿಪ್ಟಲ್ಲಿ ಎಲ್ಲ ಸ್ವಿಚ್‌ಗೂ ಹೊಸ ವಿಲ್ಯಾನ್ ಒಂದೇ ಸಲ ಹಾಕಿಬಿಡು’ ಅಂತಿದ್ದಾರೆ (ವಿಲ್ಯಾನ್ ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರೆಯಾಗಿ ಓಡುವ ಇನ್ನೊಂದು ಜಾಲ). ಹಾಕಬಹುದಾ?

ಉತ್ತರ: ನಿಮ್ಮ ಅರ್ಧ ಫೈಲುಗಳ ಕಥೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ತುಮಕೂರಿನಲ್ಲಿ ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹತ್ತಿರವೂ ಅಂಥದೇ ಒಂದು ಫೋಲ್ಡರ್ ತುಂಬಿತ್ತು. ಅದಕ್ಕೆ ನಾನು ‘ಬ್ಯಾಕಪ್’ ಎಂದೇ ಹೆಸರಿಟ್ಟಿದ್ದೆ. ಒಂದು ದಿನ ಸಿಡಿಲು ಹೊಡೆದು ಸ್ವಿಚ್ ಸುಟ್ಟಾಗ ಆ ಫೈಲನ್ನು ತೆರೆದೆ. ಒಳಗೆ 24 ಸಾಲು ಇತ್ತು.

ಸ್ಕ್ರಿಪ್ಟಿನ ತಪ್ಪು ಆ ‘ಎರಡು ಸೆಕೆಂಡ್’ನಲ್ಲೇ ಇದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಕೂತಿದ್ದೀರಿ ಅಂದುಕೊಳ್ಳಿ. ಕಣ್ಣು ಮುಚ್ಚಿಕೊಂಡು ‘ಎರಡು ಇಡ್ಲಿ’ ಅನ್ನುತ್ತೀರಿ, ಎರಡು ಸೆಕೆಂಡ್ ಬಿಟ್ಟು ‘ಚಟ್ನಿ’, ಮತ್ತೆ ಎರಡು ಸೆಕೆಂಡ್ ಬಿಟ್ಟು ‘ಒಂದು ಕಾಫಿ’. ಬುಧವಾರ ಮಧ್ಯಾಹ್ನ ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ, ಎಲ್ಲ ಬರುತ್ತದೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕಾರುಗಳೆಲ್ಲ ಅಲ್ಲೇ ಸಾಲು ನಿಂತಿರುತ್ತವೆ. ನೀವು ‘ಕಾಫಿ’ ಅನ್ನುವ ಹೊತ್ತಿಗೆ ಹುಡುಗ ಇನ್ನೂ ನಿಮ್ಮ ಮೇಜಿಗೇ ಬಂದಿರುವುದಿಲ್ಲ. ಆಫೀಸಿನ ಸ್ವಿಚ್ ಬುಧವಾರದ ಹುಡುಗ. ರೇಡಿಯೋ ಲಿಂಕಿನ ಆಚೆ, ಹದಿನೈದು ವರ್ಷದ ಹಳೆಯ ಪ್ರೊಸೆಸರ್ ಇರುವ ಸ್ವಿಚ್ ಭಾನುವಾರದವನು. ಎರಡು ಸೆಕೆಂಡನ್ನು ಹತ್ತು ಮಾಡಿದರೆ ತೊಂದರೆ ಕಮ್ಮಿಯಾಗುತ್ತದೆ, ಹೋಗುವುದಿಲ್ಲ. 22 ಬಾಕ್ಸ್‌ಗೆ ಸುಮ್ಮನೆ ಕೂರುವ ಹೊತ್ತು ಮಾತ್ರ ಐದು ಪಟ್ಟಾಗುತ್ತದೆ.

ಟೆಲ್‌ನೆಟ್ ಎನ್ನುವುದು ಮನುಷ್ಯ ಟೈಪ್ ಮಾಡಲಿಕ್ಕೆಂದು ಮಾಡಿದ್ದು. ಇವತ್ತಿಗೂ ನಾವು ಬಳಸುವ ಅದರ ನಿಯಮಾವಳಿ 1983ರ ಆರ್‌ಎಫ್‌ಸಿ 854. ನೀವು ಕೈಯಲ್ಲಿ ಮಾಡುವಾಗ ಏನು ಮಾಡುತ್ತೀರಿ ನೋಡಿ. ‘ಯೂಸರ್‌ನೇಮ್:’ ಎಂದು ಪರದೆ ಮೇಲೆ ಬಂದ ಮೇಲೆ ಹೆಸರು ಹೊಡೆಯುತ್ತೀರಿ. ‘ಪಾಸ್‌ವರ್ಡ್:’ ಬಂದ ಮೇಲೆ ಪಾಸ್‌ವರ್ಡ್. ನಿಮ್ಮ ಕಣ್ಣು ಯಾವಾಗಲೂ ಕೊನೆಯ ಸಾಲಿನ ಮೇಲಿರುತ್ತದೆ. ಗಡಿಯಾರದ ಕಡೆ ನೀವು ನೋಡುವುದೇ ಇಲ್ಲ. ಸ್ಕ್ರಿಪ್ಟ್ ಕೂಡ ಹಾಗೇ ಮಾಡಬೇಕು. ಇಂಥ ಮಾತು ಬರುವವರೆಗೆ ಕೇಳಿಸಿಕೋ, ಬಂದ ಮೇಲೆ ಇಂಥದ್ದು ಹೇಳು, ಇಷ್ಟು ಹೊತ್ತಾದರೂ ಬರದಿದ್ದರೆ ಸೋತೆ ಎಂದು ಒಪ್ಪಿಕೋ. ಈ ಮೂರು ಸೇರಿದರೆ ಸಾಕು. ಅಮೆರಿಕದ ನಿಸ್ಟ್ ಸಂಸ್ಥೆಯಲ್ಲಿದ್ದ ಡಾನ್ ಲೈಬ್ಸ್ 1990ರಲ್ಲಿ ಹೊರತಂದ ‘ಎಕ್ಸ್‌ಪೆಕ್ಟ್’ ಎಂಬ ಉಪಕರಣದ ಇಡೀ ವಿಚಾರ ಇದೇ. ಆಮೇಲೆ ಬಂದದ್ದೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ತಮಾಷೆ ಏನೆಂದರೆ, ನಿಮ್ಮ ಗೆಳೆಯ ಬಳಸಿದ ಟೆಲ್‌ನೆಟ್‌ಲಿಬ್‌ನಲ್ಲೇ ‘ರೀಡ್ ಅಂಟಿಲ್’ ಮತ್ತು ‘ಎಕ್ಸ್‌ಪೆಕ್ಟ್’ ಎಂಬ ಎರಡು ಫಂಕ್ಷನ್‌ಗಳಿದ್ದವು. ಮದ್ದು ಡಬ್ಬಿಯಲ್ಲೇ ಇತ್ತು, ತೆರೆಯಲಿಲ್ಲ ಅಷ್ಟೆ.

ಒಂದು ಸ್ವಿಚ್ ಜೊತೆ ನಡೆಯುವ ಮಾತುಕತೆಯನ್ನು ಹತ್ತಿರದಿಂದ ನೋಡೋಣ. ನಿಮ್ಮ ಬಹುಪಾಲು ತೊಂದರೆಗಳು ಇದರಲ್ಲೇ ಸಿಗುತ್ತವೆ. ಪೋರ್ಟ್ 23ಕ್ಕೆ ಸಂಪರ್ಕ ಸಿಕ್ಕ ಕೂಡಲೇ ಸಿಸ್ಕೊ ಸ್ವಿಚ್ ಕಳಿಸುವ ಮೊದಲ ಬೈಟ್‌ಗಳು ಸಾಮಾನ್ಯವಾಗಿ ಹೀಗಿರುತ್ತವೆ:

255 251 1
255 251 3
255 253 24
255 253 31

ನಿಮ್ಮ ಸಾಕೆಟ್ ಸ್ಕ್ರಿಪ್ಟಿನ ಮೊದಲ ಸಾಲಿನ ‘ಅರ್ಥವಾಗದ ಅಕ್ಷರ’ ಇವೇ. 255 ಎಂದರೆ ‘ಇದು ಬರಹವಲ್ಲ, ಸೂಚನೆ’ ಎಂಬ ಗುರುತು. 251 ಎಂದರೆ ‘ನಾನು ಮಾಡುತ್ತೇನೆ’, 253 ಎಂದರೆ ‘ನೀನು ಮಾಡು’. ಮೊದಲನೆಯದು, ನೀನು ಹೊಡೆದ ಅಕ್ಷರವನ್ನು ನಾನೇ ಪ್ರತಿಧ್ವನಿಸುತ್ತೇನೆ ಅನ್ನುತ್ತದೆ. ಎರಡನೆಯದು, ಸರದಿ ಮುಗಿಯಿತು ಎಂಬ ಹಳೇ ಕಾಲದ ಸಂಜ್ಞೆ ನನ್ನಿಂದ ಬರುವುದಿಲ್ಲ ಅನ್ನುತ್ತದೆ. ಮೂರನೆಯದು, ನಿನ್ನ ಟರ್ಮಿನಲ್ ಯಾವ ಜಾತಿಯದು ಹೇಳು. ನಾಲ್ಕನೆಯದು, ನಿನ್ನ ಪರದೆ ಎಷ್ಟು ಅಗಲ, ಎಷ್ಟು ಎತ್ತರ ಹೇಳು. ಮದುವೆ ಮಾತುಕತೆ ಥರ, ಎರಡೂ ಕಡೆಯವರು ಇದನ್ನು ಮೊದಲು ಮುಗಿಸಿಕೊಳ್ಳಬೇಕು. ಕಚ್ಚಾ ಸಾಕೆಟ್ ಬಳಸಿದರೆ ಉತ್ತರ ಕೊಡುವ ಹೊಣೆ ನಿಮ್ಮದು. ‘ನೀನು ಮಾಡು’ ಎಂದದ್ದಕ್ಕೆಲ್ಲ 252, ಅಂದರೆ ‘ಮಾಡುವುದಿಲ್ಲ’ ಎಂದು ಕಳಿಸಿದರೆ ಜಗಳ ಮುಗಿಯಿತು. ಟರ್ಮಿನಲ್ ಜಾತಿ ಕೇಳಿದ್ದಕ್ಕೆ 255 252 24, ಪರದೆ ಅಳತೆಗೆ 255 252 31. ಎಕೋಗೆ, ಅಂದರೆ ಆ ಪ್ರತಿಧ್ವನಿಗೆ, 255 253 1 ಎಂದು ಒಪ್ಪಿಬಿಡಿ. ಟೆಲ್‌ನೆಟ್‌ಲಿಬ್ ಈ ಕೆಲಸವನ್ನು ಒಳಗೊಳಗೇ ಮಾಡುತ್ತಿತ್ತು, ಅದಕ್ಕೇ ಇದು ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಇದಾದ ಮೇಲೆ ನಿಜವಾದ ಮಾತು:

ಬಾಕ್ಸ್: ಯೂಸರ್‌ನೇಮ್:
ಸ್ಕ್ರಿಪ್ಟ್: ಬ್ಯಾಕಪ್
ಬಾಕ್ಸ್: ಬ್ಯಾಕಪ್ (ಇದು ಎಕೋ, ನಾವು ಹೇಳಿದ್ದೇ ವಾಪಸ್ ಬಂದದ್ದು)
ಬಾಕ್ಸ್: ಪಾಸ್
ಬಾಕ್ಸ್: ವರ್ಡ್:

ಕೊನೆಯ ಎರಡು ಸಾಲು ನೋಡಿದಿರಾ? ಅದು ಮುದ್ರಣದ ತಪ್ಪಲ್ಲ. ಟೆಲ್‌ನೆಟ್ ಮಾತನ್ನು ಹೊತ್ತು ತರುವ ಟಿಸಿಪಿ ಎನ್ನುವುದು ಪೈಪಿನಲ್ಲಿ ಹರಿಯುವ ನೀರು. ಸ್ವಿಚ್ ಒಂದೇ ಬಿಂದಿಗೆ ಸುರಿದರೂ ನಿಮ್ಮ ಕಡೆ ಅದು ಎರಡು ಚೊಂಬಾಗಿ ಬರಬಹುದು. ಒಮ್ಮೆ ಓದಿದಾಗ ‘ಪಾಸ್’ ಮಾತ್ರ ಸಿಕ್ಕಿ, ಮುಂದಿನ ಓದಿನಲ್ಲಿ ‘ವರ್ಡ್:’ ಸಿಕ್ಕಿದರೆ, ಪ್ರತಿ ಓದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವ ಸ್ಕ್ರಿಪ್ಟಿಗೆ ಎರಡರಲ್ಲೂ ‘ಪಾಸ್‌ವರ್ಡ್’ ಕಾಣುವುದಿಲ್ಲ, ಶಾಶ್ವತವಾಗಿ ಕಾಯುತ್ತಾ ಕೂರುತ್ತದೆ. ಬಂದದ್ದನ್ನೆಲ್ಲ ಒಂದೇ ಪಾತ್ರೆಗೆ ಸುರಿಯುತ್ತಾ ಹೋಗಿ, ಪ್ರತಿ ಸಲ ಪಾತ್ರೆಯ ಕೊನೆಯಲ್ಲಿ ಬೇಕಾದ ಮಾತು ಇದೆಯೇ ನೋಡಬೇಕು. ಸಾಕೆಟ್‌ನಲ್ಲಿ ಸ್ವಂತ ಬರೆದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಆಫೀಸಿನ ಸ್ವಿಚ್ ಮೇಲೆ ಸಾವಿರ ಸಲ ಓಡಿಸಿದರೂ ಈ ತಪ್ಪು ಹೊರಗೆ ಬರದೇ ಇರಬಹುದು.

ಎಂಟರ್ ಒತ್ತುವುದರಲ್ಲೂ ಒಂದು ಚಿಕ್ಕ ಕುತ್ತಿದೆ. ನೀವು ಸಾಲಿನ ಕೊನೆಗೆ 13, 10 ಎಂಬ ಎರಡು ಅಕ್ಷರ ಕಳಿಸಿದರೆ ಕೆಲವು ಹಳೆಯ ಬಾಕ್ಸ್‌ಗಳು ಅದನ್ನು ಎರಡು ಎಂಟರ್ ಎಂದು ತಿಳಿಯುತ್ತವೆ. ಹೆಸರಿನ ನಂತರದ ಎರಡನೇ ಎಂಟರ್ ಖಾಲಿ ಪಾಸ್‌ವರ್ಡ್ ಆಗಿ, ‘ಲಾಗಿನ್ ಇನ್‌ವ್ಯಾಲಿಡ್’ ಎಂದು ಉಗಿಸಿಕೊಳ್ಳುತ್ತೀರಿ. ಆಗ ಬರೀ 13 ಕಳಿಸಿ ನೋಡಿ.

ಒಳಗೆ ಹೋದ ಮೇಲೆ ಪ್ರಾಂಪ್ಟ್, ಅಂದರೆ ‘ಮುಂದಿನ ಕಮಾಂಡ್ ಕೊಡು’ ಎಂಬ ಗುರುತು. ‘#’ ಬಂದರೆ ಮುಗಿಯಿತು ಎಂದು ಎಷ್ಟೋ ಜನ ಬರೆಯುತ್ತಾರೆ. ಆದರೆ ಲಾಗಿನ್ ಬ್ಯಾನರನ್ನು ಯಾರೋ ಪುಣ್ಯಾತ್ಮರು ‘##########’ ಗೆರೆ ಹಾಕಿ ಅಲಂಕರಿಸಿರುತ್ತಾರೆ, ಅಥವಾ ಪೋರ್ಟಿನ ವಿವರಣೆಯಲ್ಲಿ ‘ಮನೆ #14’ ಎಂದು ಬರೆದಿರುತ್ತಾರೆ. ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ನಾನು ಮಾಡುವುದು ಹೀಗೆ. ಒಳಹೊಕ್ಕ ಮೇಲೆ ಖಾಲಿ ಎಂಟರ್ ಒಂದನ್ನು ಕಳಿಸುತ್ತೇನೆ, ಬಂದ ಕೊನೆಯ ಸಾಲನ್ನು ಹಾಗೇ ನೆನಪಿಟ್ಟುಕೊಳ್ಳುತ್ತೇನೆ. ಸ್ವಿಚ್ಚಿನ ಹೆಸರು ಮತ್ತು ಅದರ ಕೊನೆಗೆ ‘>’ ಅಥವಾ ‘#’. ಮುಂದೆ ಪ್ರತಿ ಕಮಾಂಡ್ ಆದ ಮೇಲೂ, ಆ ಪೂರ್ತಿ ಹೆಸರು ಹೊಸ ಸಾಲಿನ ಆರಂಭದಲ್ಲಿ ಇದೆಯೇ, ಅದರ ನಂತರ ಇನ್ನೇನೂ ಇಲ್ಲವೇ ಎಂದು ನೋಡುತ್ತೇನೆ. ಉದ್ದುದ್ದ ಹೆಸರಿಡುವವರಿಗೆ ಒಂದು ಎಚ್ಚರಿಕೆ. ಕಾನ್ಫಿಗ್ ಮೋಡಿಗೆ ಹೋದಾಗ ಸಿಸ್ಕೊ ಹೆಸರನ್ನು 20 ಅಕ್ಷರಕ್ಕೆ ಕತ್ತರಿಸುತ್ತದೆ, ಆಗ ಪೂರ್ತಿ ಹೆಸರಿಗೆ ಕಾದರೆ ಅದು ಬರುವುದೇ ಇಲ್ಲ.

ಈಗ ನಿಮ್ಮ ಎರಡು ಫೈಲುಗಳಿಗೆ ಬರೋಣ. ‘ಶೋ ರನ್ನಿಂಗ್-ಕಾನ್ಫಿಗ್’ ಎಂದ ಕೂಡಲೇ ಸಿಸ್ಕೊ ‘ಬಿಲ್ಡಿಂಗ್ ಕಾನ್ಫಿಗರೇಶನ್...’ ಎಂದು ಬರೆದು ಸುಮ್ಮನಾಗುತ್ತದೆ. ಆ ಹೊತ್ತಿನಲ್ಲಿ ಅದು ಪೋರ್ಟುಗಳನ್ನು ಒಂದೊಂದಾಗಿ ಕೂಡಿಸಿ ಬರಹ ತಯಾರಿಸುತ್ತಿರುತ್ತದೆ. ಹಳೆಯ 48 ಪೋರ್ಟಿನ ಸ್ವಿಚ್‌ನಲ್ಲಿ ಈ ಮೌನ ಎರಡು ಸೆಕೆಂಡನ್ನು ಸಲೀಸಾಗಿ ದಾಟುತ್ತದೆ. ನಿಮ್ಮ ಸ್ಕ್ರಿಪ್ಟ್ ಮೌನವನ್ನು ಮುಕ್ತಾಯ ಎಂದುಕೊಂಡು ಬಾಗಿಲು ಹಾಕಿಕೊಂಡು ಬಂತು. ಇನ್ನೊಂದು ಫೈಲಿನದು ಬೇರೆ ರೋಗ. ಪರದೆಗೆ 24 ಸಾಲು ಎಂದುಕೊಂಡು ಸ್ವಿಚ್ ಒಂದು ಪುಟ ಕೊಟ್ಟು, ಸ್ಪೇಸ್ ಒತ್ತಲಿ ಎಂದು ಕಾದಿದೆ. ಲಾಗಿನ್ ಆದ ಕೂಡಲೇ ಮೊದಲ ಕಮಾಂಡಾಗಿ ‘ಟರ್ಮಿನಲ್ ಲೆಂತ್ 0’ ಕೊಡಿ. ಅದು ಆ ಸೆಶನ್‌ಗೆ ಮಾತ್ರ ಅನ್ವಯಿಸುತ್ತದೆ, ಕಾನ್ಫಿಗ್ ಬದಲಾಗುವುದಿಲ್ಲ. ಮುಂದೆ ಹುವಾವೇ ಕಂಪನಿಯ ಸ್ವಿಚ್ ಬಂದರೆ ‘ಸ್ಕ್ರೀನ್-ಲೆಂತ್ 0 ಟೆಂಪರರಿ’, ಜುನಿಪರ್ ಆದರೆ ‘ಸೆಟ್ ಸಿಎಲ್‌ಐ ಸ್ಕ್ರೀನ್-ಲೆಂತ್ 0’. ‘--ಮೋರ್--’ ಕಂಡಾಗ ಸ್ಪೇಸ್ ಕಳಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ನಡೆಯುತ್ತದೆ, ಆದರೆ ಸ್ವಿಚ್ ಆ ‘ಮೋರ್’ ಅನ್ನು ಅಳಿಸಲು ಬ್ಯಾಕ್‌ಸ್ಪೇಸ್ ಅಕ್ಷರಗಳನ್ನು ಕಳಿಸಿ ಫೈಲಿನ ತುಂಬ ಕಸ ಹರಡುತ್ತದೆ. ಬೇರೆ ದಾರಿ ಇಲ್ಲದ ಬಾಕ್ಸಿಗೆ ಮಾತ್ರ ಅದು.

ಫೈಲ್ ಬಂತು ಎಂದ ಮಾತ್ರಕ್ಕೆ ನಂಬಬೇಡಿ. ಸಿಸ್ಕೊ ಕಾನ್ಫಿಗ್‌ನ ಕೊನೆಯ ಸಾಲು ‘ಎಂಡ್’ ಎಂದೇ ಇರಬೇಕು. ಇಲ್ಲದಿದ್ದರೆ ಅದನ್ನು ಬ್ಯಾಕಪ್ ಫೋಲ್ಡರಿಗೆ ಹಾಕಬಾರದು. ಬೇರೆ ಫೋಲ್ಡರಿಗೆ ಹಾಕಿ, ಬೆಳಿಗ್ಗೆ ನೀವೇ ತೆರೆದು ನೋಡಿ. ಕಾಯುವುದಕ್ಕೆ ಮೇಲ್ಮಿತಿ 60 ಸೆಕೆಂಡ್ ಇಟ್ಟರೆ ಧಾರಾಳವಾಯಿತು. ಬೇಗ ಬಂದರೆ ಅರ್ಧ ಸೆಕೆಂಡಿನಲ್ಲೇ ಮುಂದೆ ಹೋಗುತ್ತದೆಯಾದ್ದರಿಂದ ಅದರಿಂದ ನಷ್ಟವಿಲ್ಲ. ಹಿಂದಿನ ವಾರದ ಫೈಲಿಗೆ ಹೋಲಿಸಿ ಬದಲಾದ ಸಾಲುಗಳನ್ನು ಮಾತ್ರ ತೋರಿಸುವ ಅಭ್ಯಾಸ ಇಟ್ಟುಕೊಂಡರೆ, ನೀವು ರಜೆಯಲ್ಲಿದ್ದಾಗ ಯಾರು ಯಾವ ಪೋರ್ಟ್ ಮುಟ್ಟಿದರು ಎಂಬುದೂ ಸಿಕ್ಕಿಬೀಳುತ್ತದೆ. ಹಳೆಯ ಸ್ವಿಚ್‌ಗಳಲ್ಲಿ ‘ಎನ್‌ಟಿಪಿ ಕ್ಲಾಕ್-ಪೀರಿಯಡ್’ ಎಂಬ ಸಾಲು ಯಾರೂ ಮುಟ್ಟದೆ ತಾನಾಗಿ ಬದಲಾಗುತ್ತಿರುತ್ತದೆ. ಹೋಲಿಸುವ ಮುಂಚೆ ಅದನ್ನು ತೆಗೆದುಹಾಕಿ, ಇಲ್ಲದಿದ್ದರೆ ವಾರವಾರವೂ ಸುಳ್ಳು ದೂರು.

ಸ್ಕ್ರಿಪ್ಟ್ ನಡುವೆ ಸತ್ತರೂ ‘ಎಕ್ಸಿಟ್’ ಹೇಳಿಯೇ ಹೊರಬರುವಂತೆ ಬರೆಯಿರಿ. ಈ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಟೆಲ್‌ನೆಟ್‌ಗೆ ತೆರೆದಿಟ್ಟಿರುವುದು 0ಯಿಂದ 4ರವರೆಗಿನ ಐದು ವಿಟಿವೈ ಲೈನ್, ಅಂದರೆ ದೂರದಿಂದ ಒಳಬರುವ ದಾರಿಗಳು. ಸತ್ತ ಸೆಶನ್ ಒಂದು ಲೈನನ್ನು ಹಿಡಿದುಕೊಂಡೇ ಇರುತ್ತದೆ, ಡೀಫಾಲ್ಟ್ ಆಗಿ 10 ನಿಮಿಷ. ಸ್ಕ್ರಿಪ್ಟ್ ಪರೀಕ್ಷಿಸುತ್ತಾ ಐದು ಸಲ ಕಂಟ್ರೋಲ್-ಸಿ ಒತ್ತಿದಿರೋ, ನಿಮ್ಮ ಸ್ವಿಚ್ಚೇ ನಿಮ್ಮನ್ನು ಹೊರಗಿಡುತ್ತದೆ. ಗಾಬರಿಯಾಗಬೇಡಿ, ಒಂದು ಟೀ ಕುಡಿದು ಬನ್ನಿ, ಬಿಡುತ್ತದೆ.

ಟೆಲ್‌ನೆಟ್‌ಲಿಬ್ ನಿಮ್ಮ ಕಂಪ್ಯೂಟರಿನ ದೋಷದಿಂದ ಹೋದದ್ದಲ್ಲ. ಪೈಥಾನ್ 3.11ರಲ್ಲೇ ‘ಇದು ಹೋಗಲಿದೆ’ ಎಂದು ಹೇಳಿ, 2024ರ 3.13ರಲ್ಲಿ ತೆಗೆದೇಬಿಟ್ಟರು. ಹಳೆಯ ಪೈಥಾನ್ ಹಾಕಿಕೊಂಡು ದಿನ ತಳ್ಳಬಹುದು, ನಾನು ಹಾಗೆ ಮಾಡುವುದಿಲ್ಲ. ಕರ್ಕ್ ಬೈಯರ್ಸ್ ಎಂಬವರು ಮಾಡಿದ ನೆಟ್‌ಮಿಕೋ ಎಂಬ ಪೈಥಾನ್ ಲೈಬ್ರರಿ ಹಾಕಿಕೊಳ್ಳಿ. ಪ್ರಾಂಪ್ಟ್ ಹುಡುಕುವುದು, ಪುಟ ನಿಲ್ಲಿಸುವುದು, ಎಕೋ ಸೋಸುವುದು, ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಭಾಗ ಅದೇ ಮಾಡುತ್ತದೆ. ಟೆಲ್‌ನೆಟ್, ಎಸ್‌ಎಸ್‌ಎಚ್ ಎರಡಕ್ಕೂ ಬರುತ್ತದೆ. ಸಾಧನದ ಜಾತಿ ‘ಸಿಸ್ಕೊ ಐಓಎಸ್ ಟೆಲ್‌ನೆಟ್’ ಎಂದಿದ್ದದ್ದನ್ನು ‘ಸಿಸ್ಕೊ ಐಓಎಸ್’ ಎಂದು ಬದಲಿಸಿದರೆ ಅದೇ ಸ್ಕ್ರಿಪ್ಟ್ ಎಸ್‌ಎಸ್‌ಎಚ್‌ಗೆ ಹೊರಳುತ್ತದೆ. ಬರೀ ಬ್ಯಾಕಪ್ ಅಷ್ಟೇ ಸಾಕು, ಕೋಡ್ ಬರೆಯುವ ಉಸಾಬರಿ ಬೇಡ ಎಂದರೆ ರ‍್ಯಾನ್ಸಿಡ್ ಅಥವಾ ಆಕ್ಸಿಡೈಸ್ಡ್ ಹಾಕಿ. ಎರಡೂ ಉಚಿತ, ಎರಡೂ ಇದೇ ಕೆಲಸಕ್ಕೆ ಹುಟ್ಟಿದವು. ಹಾಗಾದರೆ 255, 251ರ ಪುರಾಣ ಯಾಕೆ ಹೇಳಿದೆ ಅಂತೀರಾ? ಗುಡ್ಡದ ಆಚೆಯ ಯಾವುದೋ ಅಗ್ಗದ ಓಎಲ್‌ಟಿ (ಮನೆಗಳಿಗೆ ಫೈಬರ್ ಹಂಚುವ ಬಾಕ್ಸ್) ಒಂದು ದಿನ ನೆಟ್‌ಮಿಕೋಗೆ ಸೊಪ್ಪು ಹಾಕುವುದಿಲ್ಲ. ಅವತ್ತು ಬೈಟ್‌ಗಳನ್ನು ತೆರೆದು ನೋಡಬೇಕಾದವರು ನೀವೇ.

ಎಸ್‌ಎಸ್‌ಎಚ್‌ಗೆ ಹೋಗಬೇಕಾ ಎಂದು ಕೇಳಿದ್ದೀರಿ. ಹೋಗಬೇಕು. ಆಫೀಸಿನಲ್ಲಿ ಜಾಲದಲ್ಲಿ ಹರಿಯುವುದನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದು ನಿಮ್ಮದೇ ಟೆಲ್‌ನೆಟ್ ಲಾಗಿನ್ ಒಂದನ್ನು ಹಿಡಿದು ‘ಫಾಲೋ ಟಿಸಿಪಿ ಸ್ಟ್ರೀಮ್’ ಒತ್ತಿ ನೋಡಿ, ಪಾಸ್‌ವರ್ಡ್ ಬಿಡಿಬಿಡಿಯಾಗಿ ಓದಲು ಬರುತ್ತದೆ. ಓನರಿಗೆ ಅದನ್ನೇ ತೋರಿಸಿ, ಬೇರೆ ವಾದ ಬೇಕಾಗುವುದಿಲ್ಲ. ಎಸ್‌ಎಸ್‌ಎಚ್ ಹುಟ್ಟಿದ್ದೇ ಹೀಗೆ. ಫಿನ್‌ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕೂತು ಪಾಸ್‌ವರ್ಡ್ ಕದ್ದದ್ದನ್ನು ಕಂಡು ಟಾಟು ಉಲೋನೆನ್ 1995ರಲ್ಲಿ ಅದನ್ನು ಬರೆದರು. 2016ರಲ್ಲಿ ಮಿರಾಯ್ ಎಂಬ ಹುಳ ಮನೆಗಳ ಕ್ಯಾಮೆರಾ, ರೂಟರ್‌ಗಳನ್ನು ಲಕ್ಷಗಟ್ಟಲೆ ಹಿಡಿದದ್ದು ಇದೇ ಟೆಲ್‌ನೆಟ್ ಬಾಗಿಲಿನಿಂದ, ಕಂಪನಿಯಿಂದ ಬಂದ ಹಾಗೇ ಬಿಟ್ಟಿದ್ದ ಪಾಸ್‌ವರ್ಡ್‌ಗಳಿಂದ.

ಹಳೆಯ ಸಿಸ್ಕೊದಲ್ಲಿ ಎಸ್‌ಎಸ್‌ಎಚ್ ಬರುತ್ತದೋ ಇಲ್ಲವೋ ಎಂಬುದಕ್ಕೆ ‘ಶೋ ವರ್ಶನ್’ ಕೊಟ್ಟು ಸಾಫ್ಟ್‌ವೇರ್ ಫೈಲಿನ ಹೆಸರಲ್ಲಿ ‘ಕೆ9’ ಇದೆಯೇ ನೋಡಿ. ಇದ್ದರೆ ಹೋಸ್ಟ್‌ನೇಮ್ ಮತ್ತು ಡೊಮೇನ್ ಹೆಸರು ಕೊಟ್ಟು, 2048 ಬಿಟ್‌ನ ಆರ್‌ಎಸ್‌ಎ ಕೀ ಹುಟ್ಟಿಸಿ, ‘ಐಪಿ ಎಸ್‌ಎಸ್‌ಎಚ್ ವರ್ಶನ್ 2’ ಹಾಕಿ. ಕೀ ತಯಾರಾಗುವಾಗ ಹಳೆಯ ಸ್ವಿಚ್ ತುಸು ಹೊತ್ತು ಉಬ್ಬಸ ಪಡುತ್ತದೆ, ಕೆಟ್ಟಿತೆಂದು ಪವರ್ ತೆಗೆಯಬೇಡಿ. ವಿಟಿವೈಯಲ್ಲಿ ಮೊದಲು ಎರಡನ್ನೂ ಬಿಟ್ಟು, ಎಸ್‌ಎಸ್‌ಎಚ್‌ನಿಂದ ಒಳಗೆ ಹೋಗಿ ಬಂದ ಮೇಲೆಯೇ ಟೆಲ್‌ನೆಟ್ ಮುಚ್ಚಿ. ನಿಮ್ಮ ಹೊಸ ಕಂಪ್ಯೂಟರು ಹಳೆಯ ಸ್ವಿಚ್ಚಿಗೆ ‘ನಿನ್ನ ಕೀ ವಿನಿಮಯದ ವಿಧಾನ ನನಗಾಗದು’ ಎಂದು ಮುಖ ತಿರುಗಿಸಬಹುದು. ಓಪನ್‌ಎಸ್‌ಎಸ್‌ಎಚ್ 2015ರ 7.0ರಲ್ಲಿ ಒಂದು ಹಳೆಯ ವಿಧಾನವನ್ನು, 2021ರ 8.8ರಲ್ಲಿ ಶಾ-1 ಸಹಿಯನ್ನು ಡೀಫಾಲ್ಟ್ ಆಗಿ ನಿಲ್ಲಿಸಿತು. ಆ ಸ್ವಿಚ್‌ಗಳ ವಿಳಾಸಕ್ಕೆ ಮಾತ್ರ ಹಳೆಯದನ್ನು ಅನುಮತಿಸಿ, ಇಡೀ ಕಂಪ್ಯೂಟರಿಗೆ ತೆರೆಯಬೇಡಿ. ‘ಕೆ9’ ಇಲ್ಲದ ಬಡಪಾಯಿಗಳು ಟೆಲ್‌ನೆಟ್‌ನಲ್ಲೇ ಇರಲಿ, ಆದರೆ ಮ್ಯಾನೇಜ್‌ಮೆಂಟ್ ವಿಲ್ಯಾನ್ (ಸ್ವಿಚ್‌ಗಳನ್ನು ನೋಡಿಕೊಳ್ಳಲೆಂದೇ ಇಟ್ಟ ಜಾಲ) ಒಳಗೆ, ನಿಮ್ಮ ಆಫೀಸಿನ ಒಂದು ಐಪಿಗೆ ಮಾತ್ರ ಬಾಗಿಲು ತೆಗೆಯುವಂತೆ ಆಕ್ಸೆಸ್ ಲಿಸ್ಟ್ ಹಾಕಿ.

ಮೈಕ್ರೋಟಿಕ್ ನಾಲ್ಕಕ್ಕೂ ಈ ಮಾತುಕತೆಯ ಗೋಜೇ ಬೇಡ. ಟೆಲ್‌ನೆಟ್‌ನಲ್ಲಿ ಅದು ಬಣ್ಣದ ಸಂಕೇತಗಳನ್ನು ಸುರಿಯುತ್ತದೆ, ಒಂದೇ ಪ್ರಾಂಪ್ಟನ್ನು ಎರಡೆರಡು ಸಲ ಬರೆಯುತ್ತದೆ. ಎಸ್‌ಎಸ್‌ಎಚ್ ಸಾಲಿನ ಕೊನೆಗೇ ‘ಎಕ್ಸ್‌ಪೋರ್ಟ್’ ಕಮಾಂಡ್ ಅಂಟಿಸಿ ಕಳಿಸಿ, ಕಾನ್ಫಿಗ್ ಕೊಟ್ಟು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಟರ್ಮಿನಲ್‌ನಲ್ಲೇ ಮಾಡಬೇಕಾದರೆ ಲಾಗಿನ್ ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಹಾಕಿ ‘ಸಿಟಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಸೇರಿಸಿ, ಬಣ್ಣ ಮತ್ತು ಟರ್ಮಿನಲ್ ಪರೀಕ್ಷೆ ಎರಡೂ ನಿಲ್ಲುತ್ತವೆ.

ಬ್ಯಾಕಪ್ ಫೈಲುಗಳನ್ನು ಗೂಗಲ್ ಡ್ರೈವಿಗೋ ವಾಟ್ಸಾಪ್ ಗ್ರೂಪಿಗೋ ಹಾಕಬೇಡಿ. ಸಿಸ್ಕೊದ ‘ಟೈಪ್ 7’ ಪಾಸ್‌ವರ್ಡ್ ಗೂಢವಾಗಿ ಕಂಡರೂ ಕ್ಷಣದಲ್ಲಿ ಬಿಡಿಸಬಹುದಾದದ್ದು. ಸ್ಕ್ರಿಪ್ಟಿನೊಳಗೂ ಪಾಸ್‌ವರ್ಡ್ ಬರೆದಿಡಬೇಡಿ. ಬ್ಯಾಕಪ್‌ಗೆಂದೇ ಬೇರೆ ಯೂಸರ್ ಮಾಡಿ.

ಇನ್ನು ಓನರ್ ಕೇಳಿದ ವಿಲ್ಯಾನ್ ವಿಷಯ. ಓದುವುದಕ್ಕೂ ಬರೆಯುವುದಕ್ಕೂ ಇರುವ ದೂರ ನನಗೆ ಪಾವಗಡದ ರಸ್ತೆಯಷ್ಟು ಚೆನ್ನಾಗಿ ಗೊತ್ತು. ಕೆಲವು ವರ್ಷದ ಹಿಂದೆ ಆ ಕಡೆಯ ಒಂದು ಸ್ವಿಚ್ ಸೇರಿದಂತೆ ಒಂಬತ್ತು ಸ್ವಿಚ್‌ಗಳಿಗೆ ವಿಲ್ಯಾನ್ 40 ಸೇರಿಸುವ ಸ್ಕ್ರಿಪ್ಟ್ ಬರೆದೆ. ಒಂದು ಸ್ವಿಚ್‌ನಿಂದ ಇನ್ನೊಂದಕ್ಕೆ ಹಲವು ವಿಲ್ಯಾನ್ ಸಾಗಿಸುವ ಟ್ರಂಕ್ ಪೋರ್ಟಿಗೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆಡ್ 40’ ಎಂದು ಬರೆಯಬೇಕಿತ್ತು. ‘ಆಡ್’ ಎಂಬ ಮೂರಕ್ಷರದ ಪದ ಬಿಟ್ಟುಹೋಯಿತು. ‘ಆಡ್’ ಇಲ್ಲದಿದ್ದರೆ ಸಿಸ್ಕೊ ‘40 ಮಾತ್ರ ಬಿಡು, ಉಳಿದದ್ದನ್ನೆಲ್ಲ ತೆಗೆ’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಮ್ಯಾನೇಜ್‌ಮೆಂಟ್ ವಿಲ್ಯಾನ್ ಕೂಡ ಹೋಯಿತು, ಅದರ ಜೊತೆಗೆ ನನ್ನ ಸೆಶನ್ನೂ. ಕೈಯಲ್ಲಿ ಮಾಡಿದ್ದರೆ ಮೊದಲ ಸ್ವಿಚ್ ಸತ್ತ ಕೂಡಲೇ ಕೈ ನಿಲ್ಲುತ್ತಿತ್ತು. ಸ್ಕ್ರಿಪ್ಟಿಗೆ ಕೈ ನಡುಗುವುದಿಲ್ಲ ನೋಡಿ, ಟೈಮ್‌ಔಟ್ ಎಂದು ಬರೆದುಕೊಂಡು ಮುಂದಿನದಕ್ಕೆ ಹೋಯಿತು. ಒಂಬತ್ತರಲ್ಲಿ ಐದು ಊರು ಕತ್ತಲಾದ ಮೇಲೆ ನನಗೆ ಎಚ್ಚರವಾಯಿತು. ರಾತ್ರಿ ಹನ್ನೊಂದಕ್ಕೆ, ಸ್ವಿಚ್ಚಿಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಹೊರಟವನು ನೂರು ಕಿಲೋಮೀಟರ್ ಹತ್ತಿರ ಓಡಿಸಿ, ಕೊನೆಯ ಸ್ವಿಚ್ ಮುಟ್ಟಿದಾಗ ಹಾಲಿನ ಗಾಡಿಗಳು ಓಡಾಡುತ್ತಿದ್ದವು.

ಅಂದಿನಿಂದ ನಾನು ಬಿಡದೆ ಪಾಲಿಸುವುದು ‘ರೀಲೋಡ್ ಇನ್ 10’. ಬದಲಾವಣೆಗೆ ಮೊದಲು ಇದನ್ನು ಕೊಟ್ಟರೆ ಹತ್ತು ನಿಮಿಷದಲ್ಲಿ ಸ್ವಿಚ್ ತಾನಾಗಿ ರೀಬೂಟ್ ಆಗಿ, ಸೇವ್ ಆಗಿದ್ದ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಬದಲಾವಣೆ ಮಾಡಿ, ಹೊಸದಾಗಿ ಇನ್ನೊಂದು ಸಂಪರ್ಕ ತೆರೆದು ಒಳಗೆ ಹೋಗಲು ಆಗುತ್ತದೆಯೇ ನೋಡಿ, ಆದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು ಆಮೇಲೆ ‘ರೈಟ್ ಮೆಮೊರಿ’. ಈ ಅನುಕ್ರಮ ತಪ್ಪಬಾರದು. ಮೊದಲೇ ರೈಟ್ ಮಾಡಿದರೆ ರೀಬೂಟ್ ಆದ ಮೇಲೂ ಕೆಟ್ಟದ್ದೇ ಬರುತ್ತದೆ. ಸ್ಕ್ರಿಪ್ಟ್ ಇಲ್ಲಿ ಇನ್ನೆರಡು ಪ್ರಶ್ನೆಗಳಿಗೆ ಕಿವಿ ತೆರೆದಿರಬೇಕು. ಸೇವ್ ಆಗದ ಹಳೆಯ ಬದಲಾವಣೆ ಏನಾದರೂ ಇದ್ದರೆ ‘ಸೇವ್ ಮಾಡಲೇ, ಯೆಸ್ ಅಥವಾ ನೋ’ ಎಂದು ಕೇಳುತ್ತದೆ. ಆಗ ನಿಂತು, ನಿಮಗೆ ತಿಳಿಸಿ, ಆ ಸ್ವಿಚ್ಚನ್ನು ಬಿಟ್ಟು ಮುಂದೆ ಹೋಗುವುದೇ ಸರಿ. ಯಾರೋ ಮಾಡಿ ಸೇವ್ ಮಾಡಲು ಮರೆತದ್ದನ್ನು ನಿಮ್ಮ ಸ್ಕ್ರಿಪ್ಟ್ ತೀರ್ಮಾನಿಸಬಾರದು. ಎರಡನೆಯದು ‘ಕನ್‌ಫರ್ಮ್’, ಅದಕ್ಕೆ ಎಂಟರ್. ಕ್ಯಾನ್ಸಲ್ ಕೊಡಲು ಮರೆತು, ಸಂಜೆ ಕ್ರಿಕೆಟ್ ಮ್ಯಾಚಿನ ನಡುವೆ ಚೆನ್ನಾಗಿ ಓಡುತ್ತಿದ್ದ ಸ್ವಿಚ್ಚನ್ನೇ ರೀಬೂಟ್ ಮಾಡಿಸಿದ ಕೀರ್ತಿಯೂ ನನಗಿದೆ, ಅದಿರಲಿ. ಜುನಿಪರ್‌ನಲ್ಲಿ ‘ಕಮಿಟ್ ಕನ್‌ಫರ್ಮ್ಡ್’ ಇದೇ ಕೆಲಸವನ್ನು ರೀಬೂಟ್ ಇಲ್ಲದೆ ಮಾಡುತ್ತದೆ. ಮೈಕ್ರೋಟಿಕ್‌ನಲ್ಲಿ ಕಂಟ್ರೋಲ್-ಎಕ್ಸ್ ಒತ್ತಿದರೆ ಸೇಫ್ ಮೋಡ್, ಸಂಪರ್ಕ ಹೋದರೆ ಮಾಡಿದ್ದೆಲ್ಲ ವಾಪಸ್.

ಆದ್ದರಿಂದ ಓನರಿಗೆ ‘ಹಾಕಬಹುದು, ಒಂದೇ ಸಲ ಅಲ್ಲ’ ಎನ್ನಿ. ಮೊದಲು ಒಂದು ತಿಂಗಳು ಸ್ಕ್ರಿಪ್ಟ್ ಓದಲಷ್ಟೇ ಕಲಿಯಲಿ. ನಾಲ್ಕು ಶನಿವಾರ 22ಕ್ಕೆ 22 ಫೈಲು ಪೂರ್ತಿ ಬಂದರೆ ಆಗ ವಿಲ್ಯಾನ್. ಒಂದು ಸ್ವಿಚ್ ಮುಗಿದು, ಮತ್ತೆ ಲಾಗಿನ್ ಆಗಿ, ಟ್ರಂಕಿನ ಪಟ್ಟಿಯನ್ನು ಓದಿ ಹಳೆಯವೆಲ್ಲ ಇವೆಯೇ ಎಂದು ತಾಳೆ ನೋಡಿದ ಮೇಲೆಯೇ ಇನ್ನೊಂದಕ್ಕೆ ಹೋಗಬೇಕು. ಒಂದು ಸೋತರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. ಪಟ್ಟಿಯನ್ನು ನಿಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರದ ಸ್ವಿಚ್‌ನಿಂದ ಶುರು ಮಾಡಿ, ಒಂದೇ ದಾರಿಯಲ್ಲಿರುವವುಗಳಲ್ಲಿ ತುದಿಯದನ್ನು ಮೊದಲು, ಅದಕ್ಕೆ ದಾರಿ ಕೊಡುವ ನಡುವಿನದನ್ನು ಆಮೇಲೆ ಇಡಿ, ನಡುವಿನದು ಕೆಟ್ಟರೆ ಆಚೆಯದನ್ನು ಮುಟ್ಟಲು ಆಗುವುದಿಲ್ಲ. ಇದಕ್ಕೆ ಶನಿವಾರ ರಾತ್ರಿ ಬೇಡ, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮಾಡಿ. ಬೈಕಿಗೆ ಪೆಟ್ರೋಲ್, ಬ್ಯಾಗಿಗೆ ಕನ್ಸೋಲ್ ಕೇಬಲ್ ಹಾಕಿಟ್ಟುಕೊಂಡು.